ಡಬ್ಲ್ಯೂಎಕ್ಸ್‌ಪೈಥಾನ್ ಅಪ್ಲಿಕೇಶನ್: ಸರಿಯಾಗಿ ತೆರೆದು, ಸರಿಯಾಗಿ ಮುಚ್ಚುವ ಬಗೆ

ನಾನು ಬರೆದುಕೊಟ್ಟಿದ್ದ ಒಂದು ಸಣ್ಣ ಪ್ರೋಗ್ರಾಂ ಬಗ್ಗೆ ಒಂದು ದಿನ ಫೋನ್ ಬಂತು. "ಬೆಳಿಗ್ಗೆ ಚೆನ್ನಾಗಿತ್ತು. ಮುಚ್ಚಿ ಮತ್ತೆ ತೆರೆಯೋಕೆ ಹೋದರೆ 'ಪ್ರೋಗ್ರಾಂ ಆಗಲೇ ಓಡುತ್ತಿದೆ' ಅನ್ನುತ್ತೆ. ಪರದೆ ಮೇಲೆ ನೋಡಿದರೆ ಏನೂ ಇಲ್ಲ." ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ ಅಂದೆ. ಪ್ರೊಸೆಸ್ ಅಲ್ಲೇ ಕೂತಿತ್ತು. ವಿಂಡೋ ಹೋಗಿತ್ತು, ಜೀವ ಹೋಗಿರಲಿಲ್ಲ.

ಕಾರಣ ಸಿಗಲು ಎರಡು ದಿನ ಹಿಡಿಯಿತು. ಆ ಪ್ರೋಗ್ರಾಂನಲ್ಲಿ ಹುಡುಕಾಟದ ಒಂದು ಡೈಲಾಗ್, ಅಂದರೆ ಸಣ್ಣ ವಿಂಡೋ, ಇತ್ತು. ಅದಕ್ಕೆ ಪೇರೆಂಟ್, ಅಂದರೆ ಅದು ಯಾವ ವಿಂಡೋಗೆ ಸೇರಿದ್ದು ಅನ್ನುವುದನ್ನು, ಕೊಟ್ಟಿರಲಿಲ್ಲ. ಬಳಸುವವರು ಅದರ ಎಕ್ಸ್ ಬಟನ್ ಒತ್ತಿದಾಗ ಅದು ಮರೆಯಾಗುತ್ತಿತ್ತು, ಸಾಯುತ್ತಿರಲಿಲ್ಲ. ಕಣ್ಣಿಗೆ ಕಾಣದ ಆ ಡೈಲಾಗ್ ಇಡೀ ಪ್ರೋಗ್ರಾಂ ಅನ್ನು ಹಿಡಿದಿಟ್ಟುಕೊಂಡಿತ್ತು.

ಅಂದಿನಿಂದ ನಾನು ಶುರು ಮಾಡುವುದನ್ನೂ ಮುಚ್ಚುವುದನ್ನೂ ಒಟ್ಟಿಗೇ ಬರೆಯುತ್ತೇನೆ. ತೆರೆಯುವ ಕಡೆ ಒಂದು ಸಾಲು ಸೇರಿಸಿದರೆ, ಆಗಲೇ ಮುಚ್ಚುವ ಕಡೆ ಅದರ ಜೋಡಿ ಸಾಲು. ಈ ಲೇಖನದಲ್ಲಿ ಆ ಜೋಡಿಗಳನ್ನು ಒಂದೊಂದಾಗಿ ನೋಡೋಣ.

ಡಬ್ಲ್ಯೂಎಕ್ಸ್‌ವಿಜೆಟ್ಸ್ ಅನ್ನುವುದು ವಿಂಡೋ, ಬಟನ್ ಇರುವ ಪ್ರೋಗ್ರಾಂ ಬರೆಯಲು ಬಳಸುವ ಹಳೆಯ ಲೈಬ್ರರಿ. 1992ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಜೂಲಿಯನ್ ಸ್ಮಾರ್ಟ್ ಇದನ್ನು ಶುರು ಮಾಡಿದರು. 2004ರವರೆಗೆ ಇದರ ಹೆಸರು ಡಬ್ಲ್ಯೂಎಕ್ಸ್‌ವಿಂಡೋಸ್ ಅಂತ ಇತ್ತು. ಇದನ್ನು ಡಬ್ಲ್ಯೂಎಕ್ಸ್‌ಪೈಥಾನ್ ಅನ್ನುವ ಹೆಸರಿನಲ್ಲಿ ಪೈಥಾನ್‌ಗೆ ತಂದದ್ದು ರಾಬಿನ್ ಡನ್. ಬಟನ್, ಮೆನು ಎಲ್ಲವೂ ಆಯಾ ಆಪರೇಟಿಂಗ್ ಸಿಸ್ಟಂನದ್ದೇ ಆಗಿರುವುದರಿಂದ ನನಗೆ ಇದು ಇಷ್ಟ. ಇಲ್ಲಿ ಕೋಡ್‌ನ ಹೆಸರುಗಳನ್ನು ಉಚ್ಚರಿಸುವ ಹಾಗೆಯೇ ಬರೆದಿದ್ದೇನೆ. ಎಡಿಟರ್‌ನಲ್ಲಿ ಮೊದಲ ನಾಲ್ಕು ಅಕ್ಷರ ಟೈಪ್ ಮಾಡಿದರೆ ಪೂರ್ತಿ ಹೆಸರು ಸಿಗುತ್ತದೆ.

ಹಂತ 1: ಆಪ್ ಮೊದಲು, ಉಳಿದದ್ದೆಲ್ಲ ಆಮೇಲೆ

ವಿಂಡೋ, ಫಾಂಟ್, ಚಿತ್ರ, ಯಾವುದನ್ನೇ ಮಾಡುವ ಮೊದಲು ಆಪ್ ಆಬ್ಜೆಕ್ಟ್, ಅಂದರೆ ಇಡೀ ಪ್ರೋಗ್ರಾಂ ಅನ್ನು ನಡೆಸುವ ಆಬ್ಜೆಕ್ಟ್, ಹುಟ್ಟಿರಬೇಕು. ಇಲ್ಲದಿದ್ದರೆ "ಪೈನೋಆಪ್‌ಎರರ್" ಅನ್ನುವ ದೋಷ ಬಂದು ಎಲ್ಲ ನಿಲ್ಲುತ್ತದೆ.

ಇದನ್ನು ಬೇಕಂತಲೇ ಯಾರೂ ತಪ್ಪು ಮಾಡುವುದಿಲ್ಲ. ತಪ್ಪು ಆಗುವುದು ಫೈಲಿನ ತಲೆಯಲ್ಲಿ. "ದಪ್ಪ ಫಾಂಟ್ ಎಲ್ಲ ಕಡೆ ಬೇಕು, ಮೇಲೇ ಒಂದು ಸಲ ಬರೆದಿಡೋಣ" ಅಂತ ಕ್ಲಾಸ್‌ಗಳ ಹೊರಗೆ ಒಂದು ಸಾಲು ಬರೆಯುತ್ತೇವೆ. ಆ ಫೈಲನ್ನು ಇಂಪೋರ್ಟ್ ಮಾಡಿದ ಕ್ಷಣದಲ್ಲೇ ಆ ಸಾಲು ಓಡುತ್ತದೆ. ಆಪ್ ಇನ್ನೂ ಹುಟ್ಟಿರುವುದಿಲ್ಲ, ಅಲ್ವಾ? ಅದಕ್ಕೇ ಫೈಲಿನ ಮೇಲ್ಭಾಗದಲ್ಲಿ ಬರೀ ಸಂಖ್ಯೆ, ಪಠ್ಯ ಇಂಥವು ಇರಲಿ. ಫಾಂಟ್, ಐಕಾನ್‌ಗಳನ್ನು ಫ್ರೇಮ್‌ನ, ಅಂದರೆ ಮುಖ್ಯ ವಿಂಡೋದ, ಒಳಗೆ ಮಾಡಿ.

ಹಾಗೆಯೇ ಆಪ್ ಮಾಡುವ ಸಾಲುಗಳನ್ನು ಒಂದು ಮೇನ್ ಫಂಕ್ಷನ್‌ನಲ್ಲಿಟ್ಟು, ಫೈಲನ್ನು ನೇರವಾಗಿ ಓಡಿಸಿದಾಗ ಮಾತ್ರ ಅದನ್ನು ಕರೆಯಿರಿ. ಇಂಪೋರ್ಟ್ ಮಾಡಿದಾಗ ವಿಂಡೋ ತೆರೆದುಕೊಂಡರೆ ಪರೀಕ್ಷೆ ಬರೆಯುವುದು ತುಂಬಾ ಕಷ್ಟವಾಗುತ್ತದೆ.

ಹಂತ 2: ಆನ್‌ಇನಿಟ್ ಒಳಗೆ ಯಾವುದರ ನಂತರ ಯಾವುದು

ಆಪ್ ಕ್ಲಾಸ್‌ನಿಂದ ನಿಮ್ಮದೊಂದು ಕ್ಲಾಸ್ ಮಾಡಿ, ಅದರಲ್ಲಿ ಆನ್‌ಇನಿಟ್ ಬರೆಯಿರಿ. ಆಪ್ ಆಬ್ಜೆಕ್ಟ್ ಮಾಡಿದ ಸಾಲಿನಲ್ಲೇ ಇದು ಓಡುತ್ತದೆ, ಮೇನ್‌ಲೂಪ್ (ಕ್ಲಿಕ್, ಕೀಲಿ ಒತ್ತುವುದು ಇಂಥವಕ್ಕಾಗಿ ಕಾಯುತ್ತಾ ಪ್ರೋಗ್ರಾಂ ಓಡಿಸುವ ಸುತ್ತು) ಶುರುವಾಗುವ ತನಕ ಕಾಯುವುದಿಲ್ಲ. ಕೊನೆಯಲ್ಲಿ ಟ್ರೂ ಹಿಂದಿರುಗಿಸಿದರೆ ಮುಂದೆ ಹೋಗುತ್ತದೆ. ಫಾಲ್ಸ್ ಆದರೆ ಅಲ್ಲಿಗೇ ಮುಗಿಯಿತು.

ಪೈಥಾನ್‌ನಲ್ಲಿ ಒಂದು ಸಣ್ಣ ಬಲೆ ಇದೆ. ರಿಟರ್ನ್ ಸಾಲನ್ನೇ ಮರೆತರೆ ಫಂಕ್ಷನ್ "ನನ್" (ಏನೂ ಇಲ್ಲ ಅನ್ನುವ ಬೆಲೆ) ಹಿಂದಿರುಗಿಸುತ್ತದೆ, ಅದೂ ಫಾಲ್ಸ್‌ಗೆ ಸಮ. ಎಲ್ಲ ಸರಿಯಾಗಿ ಬರೆದಿದ್ದೀರಿ, ಆದರೂ ವಿಂಡೋ ಮಿಂಚಿ ಮಾಯವಾಗುತ್ತದೆ. ಟರ್ಮಿನಲ್‌ನಲ್ಲಿ "ಆನ್‌ಇನಿಟ್ ರಿಟರ್ನ್ಡ್ ಫಾಲ್ಸ್, ಎಕ್ಸಿಟಿಂಗ್" ಅನ್ನುವ ಸಾಲು ಕಂಡರೆ ಬೇರೆಲ್ಲೂ ಹುಡುಕಬೇಡಿ. ಆನ್‌ಇನಿಟ್‌ನ ಕೊನೆಯ ಸಾಲು ನೋಡಿ.

ನಾನು ಪಾಲಿಸುವ ಕ್ರಮ ಇದು:

1. ಲಾಗ್ ಫೈಲ್ ತೆರೆಯುವುದು. ಸಿಸ್ ಮಾಡ್ಯೂಲ್‌ನ ಎಕ್ಸೆಪ್ಟ್‌ಹುಕ್‌ಗೆ ನಮ್ಮ ಫಂಕ್ಷನ್ ಜೋಡಿಸಿ, ಹಿಡಿಯದೆ ಬಿಟ್ಟ ಪ್ರತಿ ದೋಷವೂ ಆ ಫೈಲಿಗೆ ಹೋಗುವಂತೆ ಮಾಡುವುದು.
2. ಸೆಟ್‌ಆಪ್‌ನೇಮ್ ಕರೆದು ಅಪ್ಲಿಕೇಶನ್‌ಗೆ ಹೆಸರು ಕೊಡುವುದು.
3. ಭಾಷೆ ಹೊಂದಿಸುವುದು.
4. ಇನ್ನೊಂದು ಪ್ರತಿ ಓಡುತ್ತಿದೆಯಾ ಅಂತ ನೋಡುವುದು.
5. ಸೆಟ್ಟಿಂಗ್ಸ್ ಓದುವುದು.
6. ಫ್ರೇಮ್ ಮಾಡಿ, ಶೋ ಕರೆದು, ಟ್ರೂ ಹಿಂದಿರುಗಿಸುವುದು.

ಲಾಗ್ ಫೈಲ್ ಮೊದಲು ಯಾಕೆ ಅಂದರೆ, ಕನ್ಸೋಲ್ ಇಲ್ಲದೆ ಓಡುವ ಪ್ರೋಗ್ರಾಂ ಆನ್‌ಇನಿಟ್‌ನಲ್ಲೇ ಬಿದ್ದರೆ ಬಳಸುವವರಿಗೆ ಏನೂ ಕಾಣುವುದಿಲ್ಲ. ಎರಡು ಸಲ ಕ್ಲಿಕ್ ಮಾಡಿದರು, ಏನೂ ಆಗಲಿಲ್ಲ, ಅಷ್ಟೇ. ನಿಮ್ಮ ಕೈಯಲ್ಲಿ ಒಂದು ಲಾಗ್ ಫೈಲ್ ಇದ್ದರೆ ಹತ್ತು ನಿಮಿಷದ ಕೆಲಸ. ಇಲ್ಲದಿದ್ದರೆ ಊಹೆ.

ಹೆಸರು ಎರಡನೆಯದಾಗಿ ಬರಲು ಕಾರಣ, ಸ್ಟ್ಯಾಂಡರ್ಡ್‌ಪಾತ್ಸ್ ಕೊಡುವ ಡೇಟಾ ಫೋಲ್ಡರ್ ಆ ಹೆಸರಿನ ಮೇಲೆ ನಿಂತಿದೆ. ಹೆಸರು ತಡವಾಗಿ ಕೊಟ್ಟರೆ ಮೊದಲು ಕೇಳಿದ ದಾರಿ ಒಂದು, ಆಮೇಲೆ ಕೇಳಿದ ದಾರಿ ಇನ್ನೊಂದು ಆಗಿಬಿಡುತ್ತದೆ. ಲಾಗ್ ಫೈಲನ್ನೂ ಅದೇ ಫೋಲ್ಡರ್‌ನಲ್ಲಿ ಇಡುವುದಾದರೆ ಹೆಸರು ಕೊಡುವುದನ್ನು ಅದಕ್ಕಿಂತ ಮೇಲಕ್ಕೆ ತನ್ನಿ.

ಮೂರು ಮತ್ತು ನಾಲ್ಕರಲ್ಲಿ ಒಂದೇ ತರದ ಬಲೆ ಇದೆ. ಲೊಕೇಲ್ ಆಬ್ಜೆಕ್ಟ್ ಆಗಲಿ, ಸಿಂಗಲ್‌ಇನ್‌ಸ್ಟನ್ಸ್‌ಚೆಕರ್ ಆಬ್ಜೆಕ್ಟ್ ಆಗಲಿ, ಅದು ಬದುಕಿರುವ ತನಕ ಮಾತ್ರ ಕೆಲಸ ಮಾಡುತ್ತದೆ. ಸುಮ್ನೆ ಒಂದು ಲೋಕಲ್ ವೇರಿಯಬಲ್‌ನಲ್ಲಿ ಇಟ್ಟರೆ ಆನ್‌ಇನಿಟ್ ಮುಗಿದ ಕೂಡಲೇ ಪೈಥಾನ್ ಅದನ್ನು ತೆಗೆದುಹಾಕುತ್ತದೆ. ಭಾಷೆ ಹಳೆಯದಕ್ಕೆ ಮರಳುತ್ತದೆ. ಇನ್ನೊಂದು ಪ್ರತಿ ತೆರೆಯದಂತೆ ಚೆಕರ್ ಹಾಕಿದ ಬೀಗ ಬಿಚ್ಚಿಕೊಳ್ಳುತ್ತದೆ, ಎರಡನೇ ಪ್ರತಿ ಆರಾಮಾಗಿ ತೆರೆದುಕೊಳ್ಳುತ್ತದೆ. ಎರಡನ್ನೂ ಸೆಲ್ಫ್ ಮೇಲೆ ಇಡಿ. ಬೀಗದ ಹೆಸರಿನಲ್ಲಿ ಬಳಸುವವರ ಐಡಿಯನ್ನೂ ಸೇರಿಸಿ. ಒಂದೇ ಕಂಪ್ಯೂಟರ್ ಅನ್ನು ಇಬ್ಬರು ಬಳಸಿದರೆ ಒಬ್ಬರ ಬೀಗ ಇನ್ನೊಬ್ಬರನ್ನು ತಡೆಯಬಾರದು.

ಇನ್ನೊಂದು ಪ್ರತಿ ಓಡುತ್ತಿದ್ದರೆ ಒಂದು ಸಂದೇಶ ತೋರಿಸಿ ಫಾಲ್ಸ್ ಹಿಂದಿರುಗಿಸಿ. ಆದರೆ ನೆನಪಿಡಿ: ಆನ್‌ಇನಿಟ್ ಫಾಲ್ಸ್ ಕೊಟ್ಟರೆ, ಪ್ರೋಗ್ರಾಂ ಮುಗಿಯುವಾಗ ಓಡಬೇಕಾದ ಆನ್‌ಎಕ್ಸಿಟ್ ಓಡುವುದೇ ಇಲ್ಲ. ಆ ಹೊತ್ತಿಗೆ ತೆರೆದಿರುವುದನ್ನು ಅಲ್ಲೇ ಮುಚ್ಚಿಯೇ ಹೊರಡಬೇಕು. ನನ್ನ ಕ್ರಮದಲ್ಲಿ ಬೀಗ ಇಷ್ಟು ಬೇಗ ಬರುವುದು ಇದೇ ಕಾರಣಕ್ಕೆ. ಡೇಟಾಬೇಸ್, ನೆಟ್‌ವರ್ಕ್ ತೆರೆದ ಮೇಲೆ ಬೀಗ ನೋಡಿದರೆ ಹಿಂದೆ ಬರುವ ಕೆಲಸ ಜಾಸ್ತಿ.

ಲಾಗಿನ್ ಡೈಲಾಗ್ ಬೇಕಾದರೆ ಅದನ್ನೂ ಆನ್‌ಇನಿಟ್‌ನಲ್ಲೇ ಶೋಮೋಡಲ್ ಮಾಡಬಹುದು, ಅಂದರೆ ಡೈಲಾಗ್ ಮುಗಿಯುವ ತನಕ ಕೋಡ್ ಅಲ್ಲೇ ಕಾಯುತ್ತದೆ. "ಕೊನೆಯ ವಿಂಡೋ ಮುಚ್ಚಿದರೆ ಪ್ರೋಗ್ರಾಂ ಮುಗಿಯುತ್ತದೆ" ಅನ್ನುವ ನಿಯಮ ಮೇನ್‌ಲೂಪ್ ಶುರುವಾದ ಮೇಲೆಯೇ ಜಾರಿಗೆ ಬರುವುದು. ಹಾಗಾಗಿ ಲಾಗಿನ್ ಡೈಲಾಗ್ ಅನ್ನು ಡಿಸ್ಟ್ರಾಯ್ ಮಾಡಿ ಆಮೇಲೆ ಫ್ರೇಮ್ ತೆರೆದರೆ ತೊಂದರೆ ಇಲ್ಲ.

ದೊಡ್ಡ ಫೈಲ್ ಓದುವುದು, ಸರ್ವರ್‌ಗೆ ಹೋಗಿ ಬರುವುದು ಇವೆಲ್ಲ ಆನ್‌ಇನಿಟ್‌ಗೆ ಬೇಡ. ಆ ಹೊತ್ತಿನಲ್ಲಿ ವಿಂಡೋ ಖಾಲಿ ಬಿಳಿ ಹಲಗೆಯ ಹಾಗೆ ನಿಂತಿರುತ್ತದೆ. ಫ್ರೇಮ್ ತೋರಿಸಿ, ಭಾರದ ಕೆಲಸವನ್ನು ಹಿನ್ನೆಲೆಯಲ್ಲಿ ಬೇರೆಯಾಗಿ ಓಡುವ ಒಂದು ಥ್ರೆಡ್‌ಗೆ ಕೊಡಿ.

ಹಂತ 3: ಮೇನ್‌ಲೂಪ್

ಆಪ್ ಮಾಡಿದ ಮೇಲೆ ಮೇನ್‌ಲೂಪ್ ಕರೆಯುವುದು ಒಂದೇ ಸಾಲು. ಹೆಚ್ಚು ಹೇಳಲು ಏನಿಲ್ಲ, ಒಂದು ಮಾತು ಬಿಟ್ಟು. ಒಂದೂ ಫ್ರೇಮ್ ಇಲ್ಲದಿದ್ದರೆ ಡಬ್ಲ್ಯೂಎಕ್ಸ್‌ಪೈಥಾನ್‌ನ ಮೇನ್‌ಲೂಪ್ ತಕ್ಷಣ ವಾಪಸ್ ಬರುತ್ತದೆ. ಬರೀ ಟ್ರೇ ಐಕಾನ್ (ಗಡಿಯಾರದ ಪಕ್ಕ ಕೂರುವ ಸಣ್ಣ ಚಿತ್ರ) ಇರುವ ಪ್ರೋಗ್ರಾಂ ಬರೆಯುವವರು ಒಂದು ಫ್ರೇಮ್ ಮಾಡಿ, ಶೋ ಕರೆಯದೆ ಇಟ್ಟುಕೊಳ್ಳಬೇಕು.

ಹಂತ 4: ಮುಚ್ಚಲು ದಾರಿ ಒಂದೇ ಇರಲಿ

ಬಳಸುವವರು ಮುಚ್ಚುವುದು ಹಲವು ಬಗೆಯಲ್ಲಿ. ಎಕ್ಸ್ ಬಟನ್, ಆಲ್ಟ್ ಜೊತೆ ಎಫ್4, ಫೈಲ್ ಮೆನುವಿನ ಎಕ್ಸಿಟ್, ಟ್ರೇ ಐಕಾನ್‌ನ ಮೆನು. ಎಲ್ಲ ದಾರಿಯೂ ಕೊನೆಗೆ ಫ್ರೇಮ್‌ನ ಕ್ಲೋಸ್‌ಗೇ ಬಂದು ಸೇರಬೇಕು. ಕ್ಲೋಸ್ ಅಂದರೆ "ಮುಚ್ಚಬಹುದಾ?" ಅಂತ ಕೇಳುವುದು. ಅದರಿಂದ ಇವಿಟಿ ಕ್ಲೋಸ್ ಅನ್ನುವ ಇವೆಂಟ್ (ಹೀಗಾಯಿತು ಅನ್ನುವ ಸೂಚನೆ) ಹುಟ್ಟುತ್ತದೆ, ಅದಕ್ಕೆ ಉತ್ತರಿಸಲು ನೀವು ಬರೆದ ಫಂಕ್ಷನ್, ಅಂದರೆ ಹ್ಯಾಂಡ್ಲರ್, ಓಡುತ್ತದೆ. ಡಿಸ್ಟ್ರಾಯ್ ಅಂದರೆ ಕೇಳದೆ ಕೆಡವುವುದು. ಅದರಲ್ಲಿ ಹ್ಯಾಂಡ್ಲರ್ ಓಡುವುದಿಲ್ಲ, ಉಳಿಸದ ಕೆಲಸ ಹೋಗುತ್ತದೆ.

ಅದಕ್ಕೆ ಮೆನುವಿನ ಎಕ್ಸಿಟ್‌ನಲ್ಲಿ ಕ್ಲೋಸ್ ಮಾತ್ರ ಕರೆಯಿರಿ. ಸಿಸ್ ಎಕ್ಸಿಟ್ ಬೇಡ. ಎಕ್ಸಿಟ್‌ಮೇನ್‌ಲೂಪ್ ಕೂಡ ಬೇಡ, ಅದು ವಿಂಡೋಗಳನ್ನು ಕೇಳುವುದೇ ಇಲ್ಲ. ಮೆನು ಐಟಂಗೆ ಐಡಿ ಎಕ್ಸಿಟ್ ಅನ್ನುವ ಸಿದ್ಧ ಐಡಿಯನ್ನೇ ಕೊಡಿ. ಮ್ಯಾಕ್‌ನಲ್ಲಿ ಅದು ತಾನಾಗಿ ಅಪ್ಲಿಕೇಶನ್ ಮೆನುವಿಗೆ ಹೋಗಿ ಕೂರುತ್ತದೆ.

ಕ್ಲೋಸ್ ಹ್ಯಾಂಡ್ಲರ್ ಒಳಗಿನಿಂದ ಮತ್ತೆ ಕ್ಲೋಸ್ ಕರೆಯಬೇಡಿ. ಅದು ತನ್ನನ್ನೇ ತಾನು ಕರೆಯುತ್ತಾ ಹೋಗುತ್ತದೆ. ಅಲ್ಲಿ ನಿಮಗಿರುವುದು ಮೂರೇ ಆಯ್ಕೆ: ವೀಟೊ ಮಾಡಿ ಮುಚ್ಚುವುದನ್ನು ತಡೆಯುವುದು, ಸ್ಕಿಪ್ ಮಾಡಿ ಲೈಬ್ರರಿಗೇ ಬಿಡುವುದು, ಇಲ್ಲವೇ ಡಿಸ್ಟ್ರಾಯ್ ಕರೆಯುವುದು. ಮೂರರಲ್ಲಿ ಒಂದನ್ನೂ ಮಾಡದಿದ್ದರೆ ವಿಂಡೋ ಮುಚ್ಚುವುದೇ ಇಲ್ಲ.

ಹಂತ 5: ಕ್ಲೋಸ್ ಹ್ಯಾಂಡ್ಲರ್ ಅನ್ನು ಎರಡು ಭಾಗವಾಗಿ ಬರೆಯುವುದು

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಅಪ್ಲಿಕೇಶನ್ ಮುಚ್ಚುವಾಗ ಬರುವ ತೊಂದರೆಗಳಲ್ಲಿ ನಾನು ಕಂಡ ಮುಕ್ಕಾಲು ಪಾಲು ಇಲ್ಲೇ.

ಮೊದಲ ಭಾಗ ಪ್ರಶ್ನೆ. ಉಳಿಸದ ಬದಲಾವಣೆ ಇದ್ದರೆ, ಮತ್ತು ಇವೆಂಟ್‌ನ ಕ್ಯಾನ್‌ವೀಟೊ ಟ್ರೂ ಅಂದರೆ ಮಾತ್ರ, "ಉಳಿಸಲೇ?" ಅಂತ ಕೇಳಿ. ಹೌದು, ಬೇಡ, ರದ್ದು, ಮೂರು ಬಟನ್ ಇರಲಿ. ರದ್ದು ಅಂದರೆ ವೀಟೊ ಮಾಡಿ ಅಲ್ಲೇ ರಿಟರ್ನ್ ಆಗಿ. ಹೌದು ಅಂದರೆ ಉಳಿಸಿ. ಉಳಿಸುವಾಗ ಡಿಸ್ಕ್ ತುಂಬಿಯೋ ಫೈಲ್ ಬೇರೆ ಕಡೆ ತೆರೆದಿದ್ದೋ ದೋಷ ಬಂದರೆ, ಅದನ್ನು ಹೇಳಿ ಆಗಲೂ ವೀಟೊ ಮಾಡಿ. ಬಳಸುವವರು ಉಳಿಸಿ ಅಂದಿದ್ದಾರೆ, ಉಳಿದಿಲ್ಲ, ಹಾಗಿರುವಾಗ ವಿಂಡೋ ಮುಚ್ಚುವ ಹಕ್ಕು ನಮಗಿಲ್ಲ.

ಕ್ಯಾನ್‌ವೀಟೊ ಫಾಲ್ಸ್ ಆಗಿದ್ದರೆ ನಮ್ಮ ಮಾತು ನಡೆಯುವುದಿಲ್ಲ. ಆಗ ವೀಟೊ ಕರೆದರೆ ಲೈಬ್ರರಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಜೊತೆಗೆ ದೂರೂ ಕೊಡುತ್ತದೆ. ಅಂಥ ಹೊತ್ತಿನಲ್ಲಿ ಏನೂ ಕೇಳದೆ ಒಂದು ತಾತ್ಕಾಲಿಕ ಫೈಲಿಗೆ ಉಳಿಸಿಬಿಡಿ. ಮುಂದಿನ ಸಲ ತೆರೆದಾಗ "ಹೋದ ಸಲದ ಕೆಲಸ ಸಿಕ್ಕಿದೆ" ಅಂತ ತೋರಿಸಬಹುದು.

ಎರಡನೇ ಭಾಗ ತೊಳೆಯುವುದು. ಇನ್ನು ಹಿಂದೆ ಹೋಗುವ ಮಾತಿಲ್ಲ. ಸೆಟ್ಟಿಂಗ್ಸ್ ಬರೆಯುವುದು, ಟೈಮರ್ ನಿಲ್ಲಿಸುವುದು, ಥ್ರೆಡ್‌ಗೆ ಹೇಳುವುದು, ಟ್ರೇ ಐಕಾನ್ ತೆಗೆಯುವುದು, ಕೊನೆಗೆ ಡಿಸ್ಟ್ರಾಯ್. ಇದಿಷ್ಟನ್ನೂ ಟ್ರೈ ಒಳಗಿಟ್ಟು, ಡಿಸ್ಟ್ರಾಯ್ ಅನ್ನು ಫೈನಲಿ ಒಳಗಿಡಿ.

ಯಾಕೆ ಅಂತ ಹೇಳುತ್ತೇನೆ. ಇವೆಂಟ್ ಹ್ಯಾಂಡ್ಲರ್ ಒಳಗೆ ದೋಷ ಬಂದರೆ ಡಬ್ಲ್ಯೂಎಕ್ಸ್‌ಪೈಥಾನ್ ಅದನ್ನು ಬರೆದುಹಾಕಿ ಮುಂದೆ ಹೋಗುತ್ತದೆ, ಪ್ರೋಗ್ರಾಂ ಬೀಳುವುದಿಲ್ಲ. ಆದರೆ ಕ್ಲೋಸ್ ಹ್ಯಾಂಡ್ಲರ್ ಅರ್ಧಕ್ಕೆ ನಿಂತರೆ ಡಿಸ್ಟ್ರಾಯ್ ಸಾಲಿಗೆ ತಲುಪುವುದೇ ಇಲ್ಲ. ಸೆಟ್ಟಿಂಗ್ಸ್ ಫೋಲ್ಡರ್‌ಗೆ ಬರೆಯುವ ಅನುಮತಿ ಇಲ್ಲ ಅಂದುಕೊಳ್ಳಿ. ಎಕ್ಸ್ ಒತ್ತಿದಾಗ ಮೊದಲ ಸಾಲಿನಲ್ಲೇ ದೋಷ. ವಿಂಡೋ ಹಾಗೇ ಇರುತ್ತದೆ. ಮತ್ತೆ ಒತ್ತುತ್ತಾರೆ, ಮತ್ತೆ ಅದೇ. ಕನ್ಸೋಲ್ ಇಲ್ಲದ್ದರಿಂದ ಯಾವ ಸಂದೇಶವೂ ಇಲ್ಲ. ಬಳಸುವವರ ಕಣ್ಣಿಗೆ ಇದು "ಮುಚ್ಚಲಾಗದ ಪ್ರೋಗ್ರಾಂ". ಕೊನೆಗೆ ಟಾಸ್ಕ್ ಮ್ಯಾನೇಜರ್‌ನಿಂದ ಸಾಯಿಸುತ್ತಾರೆ, ಆಗ ಉಳಿದದ್ದೂ ಹೋಗುತ್ತದೆ.

ವಿಂಡೋದ ಜಾಗ ಮತ್ತು ಅಳತೆ ಉಳಿಸುವಾಗ ಒಂದು ವಿಷಯ ನೋಡಿಕೊಳ್ಳಿ. ವಿಂಡೋಸ್‌ನಲ್ಲಿ ಮಿನಿಮೈಸ್ ಮಾಡಿದ ವಿಂಡೋದ ಜಾಗ ಕೇಳಿದರೆ ಮೈನಸ್ 32000, ಮೈನಸ್ 32000 ಅಂತ ಉತ್ತರ ಬರಬಹುದು. ಹಾಗೆ ಬಂದರೆ, ಟಾಸ್ಕ್‌ಬಾರ್‌ನಿಂದಲೇ ಮುಚ್ಚಿದಾಗ ನಿಮ್ಮ ಹ್ಯಾಂಡ್ಲರ್ ಆ ಸಂಖ್ಯೆಯನ್ನು ನಂಬಿ ಬರೆದಿಡುತ್ತದೆ. ಮುಂದಿನ ಸಲ ವಿಂಡೋ ಅಲ್ಲೇ, ಪರದೆಯಿಂದ ಎಷ್ಟೋ ದೂರದಲ್ಲಿ ತೆರೆದುಕೊಳ್ಳುತ್ತದೆ. ಟಾಸ್ಕ್‌ಬಾರ್‌ನಲ್ಲಿ ಹೆಸರಿದೆ, ವಿಂಡೋ ಇಲ್ಲ. ಅದಕ್ಕೆ ಇಸ್‌ಐಕನೈಸ್ಡ್ ಅಥವಾ ಇಸ್‌ಮ್ಯಾಕ್ಸಿಮೈಸ್ಡ್ ಟ್ರೂ ಆಗಿದ್ದರೆ ಜಾಗ ಬರೆಯಬೇಡಿ. ಓದುವ ಕಡೆಯೂ ಒಂದು ಕಾವಲು ಬೇಕು. ಎರಡನೇ ಮಾನಿಟರ್ ಕಿತ್ತಿಟ್ಟಿದ್ದರೆ ಉಳಿಸಿದ ಜಾಗ ಈಗ ಯಾವ ಪರದೆಯಲ್ಲೂ ಇರುವುದಿಲ್ಲ. ಡಿಸ್‌ಪ್ಲೇ ಕ್ಲಾಸ್‌ನ ಗೆಟ್‌ಫ್ರಮ್‌ಪಾಯಿಂಟ್ ಕೇಳಿ, ನಾಟ್‌ಫೌಂಡ್ ಬಂದರೆ ವಿಂಡೋವನ್ನು ನಡುವಿಗೆ ತನ್ನಿ.

ಹಂತ 6: ಥ್ರೆಡ್ ಮತ್ತು ಟೈಮರ್

ಥ್ರೆಡ್ ತೆರೆದವರೇ ಅದನ್ನು ಮುಚ್ಚಬೇಕು. ಪೈಥಾನ್‌ನ ಸಾಮಾನ್ಯ ಥ್ರೆಡ್ ಒಂದು ಓಡುತ್ತಿದ್ದರೂ ಸಾಕು, ಮೇನ್‌ಲೂಪ್ ಮುಗಿದ ಮೇಲೂ ಪ್ರೊಸೆಸ್ ಅದಕ್ಕಾಗಿ ಕಾಯುತ್ತಾ ಕೂರುತ್ತದೆ. ಡೀಮನ್ ಥ್ರೆಡ್ ಮಾಡಿದರೆ ಕಾಯುವುದಿಲ್ಲ ನಿಜ. ಆದರೆ ಅದು ಫೈಲ್ ಬರೆಯುತ್ತಿದ್ದರೆ ನಡುವಿನಲ್ಲೇ ಕತ್ತರಿಸಿದ ಹಾಗಾಗುತ್ತದೆ. ಬರೆಯುವ ಕೆಲಸದ ಥ್ರೆಡ್‌ಗಳನ್ನು ನಾನು ಡೀಮನ್ ಮಾಡುವುದಿಲ್ಲ.

ಬದಲಿಗೆ ಥ್ರೆಡಿಂಗ್ ಮಾಡ್ಯೂಲ್‌ನ ಇವೆಂಟ್ ಒಂದನ್ನು (ಇದು ವಿಂಡೋದ ಇವೆಂಟ್ ಅಲ್ಲ, ಬರೀ ಒಂದು ಬಾವುಟದಂತೆ) ಇಟ್ಟುಕೊಳ್ಳಿ. ಥ್ರೆಡ್ ತನ್ನ ಲೂಪಿನ ಪ್ರತಿ ಸುತ್ತಿನಲ್ಲೂ "ನಿಲ್ಲಬೇಕಾ?" ಅಂತ ಅದನ್ನು ನೋಡಲಿ. ಕ್ಲೋಸ್ ಹ್ಯಾಂಡ್ಲರ್‌ನಲ್ಲಿ ಮೊದಲು ಹೈಡ್ ಕರೆದು ವಿಂಡೋ ಮರೆಮಾಡಿ, ಆ ಇವೆಂಟ್ ಸೆಟ್ ಮಾಡಿ, ಆಮೇಲೆ ಎರಡು ಸೆಕೆಂಡಿನ ಮಿತಿ ಇಟ್ಟು ಜಾಯಿನ್ ಮಾಡಿ, ಅಂದರೆ ಥ್ರೆಡ್ ಮುಗಿಯಲು ಕಾಯಿರಿ. ಬಳಸುವವರಿಗೆ ವಿಂಡೋ ಕೂಡಲೇ ಮುಚ್ಚಿದಂತೆ ಕಾಣುತ್ತದೆ. ಥ್ರೆಡ್ ನಿಮ್ಮ ವಿಂಡೋದಿಂದ ಉತ್ತರಕ್ಕೆ ಕಾಯುವಂತೆ ಮಾತ್ರ ಬರೆಯಬೇಡಿ. ನೀವು ಥ್ರೆಡ್‌ಗೆ ಕಾಯುತ್ತೀರಿ, ಥ್ರೆಡ್ ನಿಮಗೆ ಕಾಯುತ್ತದೆ, ಇಬ್ಬರೂ ಅಲ್ಲೇ.

ಥ್ರೆಡ್‌ನಿಂದ ವಿಂಡೋಗೆ ಸುದ್ದಿ ಕಳಿಸಲು ಕಾಲ್‌ಆಫ್ಟರ್ ಬಳಸುತ್ತೇವೆ. ಕಳಿಸಿದ ಸುದ್ದಿ ತಲುಪುವ ಹೊತ್ತಿಗೆ ವಿಂಡೋ ಸತ್ತಿರಬಹುದು. ಆಗ "ರ‍್ಯಾಪ್ಡ್ ಸಿ ಪ್ಲಸ್ ಪ್ಲಸ್ ಆಬ್ಜೆಕ್ಟ್ ಹ್ಯಾಸ್ ಬೀನ್ ಡಿಲೀಟೆಡ್" ಅನ್ನುವ ಅರ್ಥದ ರನ್‌ಟೈಮ್‌ಎರರ್ ಬರುತ್ತದೆ. ಪೈಥಾನ್ ಕಡೆಯ ಆಬ್ಜೆಕ್ಟ್ ಇದೆ, ಒಳಗಿನ ನಿಜವಾದ ವಿಂಡೋ ಇಲ್ಲ ಅಂತ ಅದರ ಅರ್ಥ. ಸುದ್ದಿ ತೆಗೆದುಕೊಳ್ಳುವ ಮೆಥಡ್‌ನ ಮೊದಲ ಸಾಲಿನಲ್ಲೇ "ಇಫ್ ನಾಟ್ ಸೆಲ್ಫ್" ಅಂತ ನೋಡಿ ವಾಪಸ್ ಬನ್ನಿ. ಒಳಗಿನ ವಿಂಡೋ ಹೋಗಿದ್ದರೆ ಡಬ್ಲ್ಯೂಎಕ್ಸ್‌ಪೈಥಾನ್‌ನಲ್ಲಿ ಸೆಲ್ಫ್ ಫಾಲ್ಸ್ ಆಗುತ್ತದೆ. ಇದು ತುಂಬಾ ಉಪಯೋಗಕ್ಕೆ ಬರುವ ಸೌಲಭ್ಯ.

ಟೈಮರ್‌ಗೆ ಇಷ್ಟು ಕಷ್ಟವಿಲ್ಲ. ಕ್ಲೋಸ್ ಹ್ಯಾಂಡ್ಲರ್‌ನಲ್ಲಿ ಸ್ಟಾಪ್ ಕರೆದರೆ ಮುಗಿಯಿತು.

ಹಂತ 7: ಡೈಲಾಗ್ ಮತ್ತು ಟ್ರೇ ಐಕಾನ್

ಇದು ನಾನು ಶುರುವಿನಲ್ಲಿ ಹೇಳಿದ ಕಥೆಯ ಜಾಗ. ಫ್ರೇಮ್‌ನ ಎಕ್ಸ್ ಒತ್ತಿದರೆ, ಲೈಬ್ರರಿಯ ರೂಢಿಯಂತೆ ಫ್ರೇಮ್ ನಾಶವಾಗುತ್ತದೆ. ಡೈಲಾಗ್ ಹಾಗಲ್ಲ. ಅದರ ಎಕ್ಸ್ ಒತ್ತುವುದು ಕ್ಯಾನ್ಸಲ್ ಒತ್ತಿದ್ದಕ್ಕೆ ಸಮ. ಮೋಡಲ್ ಆಗಿದ್ದರೆ ಶೋಮೋಡಲ್ ಮುಗಿಯುತ್ತದೆ, ಇಲ್ಲದಿದ್ದರೆ ಸುಮ್ನೆ ಮರೆಯಾಗುತ್ತದೆ. ಎರಡರಲ್ಲೂ ಡೈಲಾಗ್ ಬದುಕಿಯೇ ಇರುತ್ತದೆ. ಅದಕ್ಕೆ ಪೇರೆಂಟ್ ಇದ್ದರೆ ಪೇರೆಂಟ್ ಜೊತೆಗೇ ಹೋಗುತ್ತದೆ. ಪೇರೆಂಟ್ ಇಲ್ಲದಿದ್ದರೆ ಅದೇ "ಕೊನೆಯ ವಿಂಡೋ" ಆಗಿ ಉಳಿದುಬಿಡುತ್ತದೆ.

ಎರಡು ಅಭ್ಯಾಸ ಸಾಕು. ಪ್ರತಿ ಡೈಲಾಗ್‌ಗೂ ಫ್ರೇಮ್ ಅನ್ನು ಪೇರೆಂಟ್ ಆಗಿ ಕೊಡಿ. ಮೋಡಲ್ ಡೈಲಾಗ್‌ಗಳನ್ನು ವಿತ್ ಬ್ಲಾಕ್ ಒಳಗೆ ಮಾಡಿ. ಬ್ಲಾಕ್ ಮುಗಿದಾಗ ಡಿಸ್ಟ್ರಾಯ್ ತಾನಾಗಿ ಆಗುತ್ತದೆ.

ಟ್ರೇ ಐಕಾನ್‌ಗೆ ಪೇರೆಂಟ್ ಅನ್ನುವುದೇ ಇಲ್ಲ. ಅದನ್ನು ಕೈಯಾರೆ ಡಿಸ್ಟ್ರಾಯ್ ಮಾಡಬೇಕು. ವಿಂಡೋಸ್‌ನಲ್ಲಿ ಅದರ ಹಿಂದೆ ಒಂದು ಅಡಗಿದ ಫ್ರೇಮ್ ಇರುವುದರಿಂದ, ಬಿಟ್ಟರೆ ಪ್ರೋಗ್ರಾಂ ಮುಗಿಯುವುದಿಲ್ಲ.

ಹಂತ 8: ಆನ್‌ಎಕ್ಸಿಟ್‌ಗೆ ಉಳಿಯುವುದು ಸ್ವಲ್ಪವೇ

ಆನ್‌ಎಕ್ಸಿಟ್ ಓಡುವ ಹೊತ್ತಿಗೆ ವಿಂಡೋಗಳೆಲ್ಲ ಹೋಗಿರುತ್ತವೆ. ಇಲ್ಲಿ ಟೆಕ್ಸ್ಟ್ ಬಾಕ್ಸ್‌ನಿಂದ ಏನೋ ಓದಲು ಹೋಗಬೇಡಿ. ವಿಂಡೋಗೆ ಸಂಬಂಧವಿಲ್ಲದ್ದು ಮಾತ್ರ ಇಲ್ಲಿಗೆ: ಡೇಟಾಬೇಸ್ ಸಂಪರ್ಕ, ಬೀಗ, ಕೊನೆಗೆ ಲಾಗ್ ಫೈಲ್. ತೆರೆದ ಕ್ರಮಕ್ಕೆ ಉಲ್ಟಾ. ಲಾಗ್ ಮೊದಲು ತೆರೆದದ್ದು, ಕೊನೆಗೆ ಮುಚ್ಚುವುದು. ಡೇಟಾಬೇಸ್ ಮುಚ್ಚುವಾಗ ದೋಷ ಬಂದರೂ ಅದನ್ನು ಬರೆಯಲು ಲಾಗ್ ಇರಬೇಕಲ್ಲ. ಕೊನೆಯ ಸಾಲಿನಲ್ಲಿ ಸೊನ್ನೆ ಹಿಂದಿರುಗಿಸಿ, ಇಲ್ಲಿ ಒಂದು ಸಂಖ್ಯೆ ಬೇಕು.

ಹಂತ 9: ಕಂಪ್ಯೂಟರೇ ಮುಚ್ಚುವಾಗ

ಬಳಸುವವರು ನಿಮ್ಮ ಪ್ರೋಗ್ರಾಂ ತೆರೆದಿಟ್ಟೇ ಶಟ್‌ಡೌನ್ ಒತ್ತುತ್ತಾರೆ. ಆಗ ವಿಂಡೋಸ್ ಮೊದಲು ಕೇಳುತ್ತದೆ, ಆಮೇಲೆ ಹೇಳುತ್ತದೆ. ಕೇಳುವುದು ಕ್ವೆರಿ ಎಂಡ್ ಸೆಷನ್ ಇವೆಂಟ್, ಇದಕ್ಕೆ ವೀಟೊ ಮಾಡಬಹುದು. ಹೇಳುವುದು ಎಂಡ್ ಸೆಷನ್, ಇದಕ್ಕೆ ವೀಟೊ ಇಲ್ಲ. ಮೊದಲನೆಯದಕ್ಕೆ ನೀವೇನೂ ಬರೆಯದಿದ್ದರೂ ಲೈಬ್ರರಿ ಮುಖ್ಯ ವಿಂಡೋದ ಕ್ಲೋಸ್ ಕರೆಯುತ್ತದೆ. ಅಂದರೆ ಹಂತ 5ರ ಹ್ಯಾಂಡ್ಲರ್ ಸರಿಯಿದ್ದರೆ ಇಲ್ಲೂ ಅದೇ ಕಾಪಾಡುತ್ತದೆ. ಎರಡನೆಯದರಲ್ಲಿ ತಡ ಮಾಡಬೇಡಿ. ತಾತ್ಕಾಲಿಕ ಫೈಲಿಗೆ ಉಳಿಸಿ ಹೊರಡಿ.

ಪ್ರೊಸೆಸ್ ಆದರೂ ಸಾಯದಿದ್ದರೆ

ಮೇನ್‌ಲೂಪ್ ಸಾಲಿನ ಕೆಳಗೆ "ಲೂಪ್ ಮುಗಿಯಿತು" ಅಂತ ಒಂದು ಪ್ರಿಂಟ್ ಹಾಕಿ, ಪ್ರೋಗ್ರಾಂ ಮುಚ್ಚಿ ನೋಡಿ.

ಆ ಸಾಲು ಕಾಣಲಿಲ್ಲವೇ? ಯಾವುದೋ ವಿಂಡೋ ಬದುಕಿದೆ. ಕ್ಲೋಸ್ ಹ್ಯಾಂಡ್ಲರ್‌ನಲ್ಲಿ ಡಿಸ್ಟ್ರಾಯ್‌ಗೆ ಮುಂಚೆ ಗೆಟ್‌ಟಾಪ್‌ಲೆವೆಲ್‌ವಿಂಡೋಸ್ ಕೊಡುವ ಪಟ್ಟಿಯನ್ನು ಪ್ರಿಂಟ್ ಮಾಡಿ. ಅದರಲ್ಲಿ ನಿಮ್ಮ ಫ್ರೇಮ್ ಮತ್ತು ಅದರ ಮಕ್ಕಳು ಬಿಟ್ಟು ಬೇರೆ ಯಾರಿದ್ದರೂ ಅವರೇ ಕಾರಣ. ನನ್ನ ಹುಡುಕಾಟದ ಡೈಲಾಗ್ ಸಿಕ್ಕಿದ್ದು ಹೀಗೆಯೇ. ಪಟ್ಟಿಯಲ್ಲಿ ಒಂದು ಇರಬೇಕಾದ ಕಡೆ ಎರಡು ಹೆಸರು ಇದ್ದವು.

ಸಾಲು ಕಂಡಿತು, ಆದರೂ ಪ್ರೊಸೆಸ್ ಹೋಗಲಿಲ್ಲವೇ? ಹಾಗಾದರೆ ಅದು ಥ್ರೆಡ್. ಅದೇ ಪ್ರಿಂಟ್‌ನ ಕೆಳಗೆ ಥ್ರೆಡಿಂಗ್ ಮಾಡ್ಯೂಲ್‌ನ ಎನ್ಯುಮರೇಟ್ ಕರೆದು ಹೆಸರುಗಳನ್ನು ನೋಡಿ. ಥ್ರೆಡ್ ಮಾಡುವಾಗಲೇ ಅದಕ್ಕೆ ಗುರುತು ಸಿಗುವ ಹೆಸರು ಕೊಟ್ಟಿದ್ದರೆ ಕೂಡಲೇ ಗೊತ್ತಾಗುತ್ತದೆ.

ಪ್ರೋಗ್ರಾಂ ಯಾರಿಗಾದರೂ ಕೊಡುವ ಮುಂಚೆ ನಾನು ಆರು ಬಗೆಯಲ್ಲಿ ಮುಚ್ಚಿ ನೋಡುತ್ತೇನೆ. ಎಕ್ಸ್ ಬಟನ್‌ನಿಂದ, ಮೆನುವಿನಿಂದ, ಮಿನಿಮೈಸ್ ಮಾಡಿ ಟಾಸ್ಕ್‌ಬಾರ್‌ನಿಂದ, ಉಳಿಸದ ಕೆಲಸ ಇಟ್ಟುಕೊಂಡು, ಥ್ರೆಡ್ ಓಡುತ್ತಿರುವಾಗ, ಮತ್ತು ಲಾಗ್‌ಔಟ್ ಮಾಡಿ. ಪ್ರತಿ ಸಲವೂ ಟಾಸ್ಕ್ ಮ್ಯಾನೇಜರ್‌ನಲ್ಲಿ ಪ್ರೊಸೆಸ್ ಹೋಯಿತಾ ಅಂತ ನೋಡಿ, ಆಮೇಲೆ ಮತ್ತೆ ತೆರೆಯುತ್ತೇನೆ. ಇಷ್ಟಕ್ಕೂ ಹತ್ತು ನಿಮಿಷ ಸಾಕು.